ಒಂದು ಕಲ್ಲು ಸಾಲದು

ನನ್ನ ಉಪ್ಪನ ಬಲಗೈಯ ಉಂಗುರ ಬೆರಳು ಪೂರ್ತಿ ಮಡಚುವುದಿಲ್ಲ. ಊಟಕ್ಕೆ ಕೂತು ತುತ್ತು ಕಟ್ಟುವಾಗ ಅದೊಂದು ಬೆರಳು ಹೊರಗೆ ಚಾಚಿಕೊಂಡೇ ಇರುತ್ತದೆ. ಯಾರಾದರೂ ಕೇಳಿದರೆ "ಅಂಗಡಿಯ ಶಟರಿಗೆ ಸಿಕ್ಕಿತು" ಅನ್ನುತ್ತಾರೆ. 1999ರಿಂದಲೂ ಅದೇ ಉತ್ತರ. ಉಮ್ಮನಿಗೂ ಅದನ್ನೇ ಹೇಳಿದ್ದಾರೆ.

ಅದು ಶಟರಿಗೆ ಸಿಕ್ಕಿದ್ದಲ್ಲ.

ಆಗ ನಾವು ಗೂಡಲೂರಿನಲ್ಲಿದ್ದೆವು. ಉಪ್ಪನಿಗೆ ಅಲ್ಲಿ ಸಣ್ಣ ದಿನಸಿ ಅಂಗಡಿ. ನಾವು ಮನೆಯಲ್ಲಿ ಬ್ಯಾರಿ ಮಾತಾಡುವುದನ್ನು ಕೇಳಿದವರು ನಮ್ಮನ್ನು ಮಲಯಾಳಿಗಳೆಂದೇ ತಿಳಿಯುತ್ತಿದ್ದರು. ಸಾಮಾನು ತರಲು ಒಂದು ಹಳೆಯ ಓಮ್ನಿ ಇತ್ತು. ಆ ಸಲ ಮಂಗಳೂರಿನಲ್ಲಿ ಮಾಮನ ಮಗಳ ಮದುವೆ. ತೆಪ್ಪಕಾಡು, ಬಂಡೀಪುರ, ಮೈಸೂರು, ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿದು ಹೋಗಬೇಕು. ಹಿಂದಿನ ವಾರವಷ್ಟೇ ಊಟಿಯಿಂದ ಮಸಿನಗುಡಿಗೆ ಕಲ್ಲಹಟ್ಟಿಯ 36 ತಿರುವುಗಳನ್ನು ಇಳಿಯುವಾಗ ಬ್ರೇಕ್ ಸುಟ್ಟ ವಾಸನೆ ಬಂದಿತ್ತು. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಘಾಟಿ ಇಳಿಯುವ ಮೊದಲು ಹಿಂದಿನ ಬ್ರೇಕ್ ಬಿಚ್ಚಿ ನೋಡುವುದೆಂದು ಉಪ್ಪ ತೀರ್ಮಾನಿಸಿದರು.

ನಮ್ಮ ಅಂಗಳ ಗೇಟಿನ ಕಡೆಗೆ ಸ್ವಲ್ಪ ಇಳಿಜಾರು. ಗಾಡಿಯ ಮುಖವೂ ಗೇಟಿನ ಕಡೆಗೇ ಇತ್ತು. ಉಪ್ಪ ಎಡ ಹಿಂಬದಿಗೆ ಜಾಕ್ ಕೊಟ್ಟು ಎತ್ತಿದರು, ಚಕ್ರ ಬಿಚ್ಚಿ ಗೋಡೆಗೆ ಒರಗಿಸಿದರು. "ಮೋನೆ, ಕಲ್ಲು ಇಟ್ಟೆಯಾ?" ಎಂದು ಕೇಳಿದರು. ನನಗೆ ಹದಿನಾರು ವರ್ಷ, ಮನಸ್ಸೆಲ್ಲ ಆಟದ ಮೈದಾನದಲ್ಲಿ. "ಇಟ್ಟೆ" ಎಂದೆ. ಇಟ್ಟಿದ್ದೆ, ಒಂದೇ ಒಂದು ಕಲ್ಲು, ಅದೂ ಮುಂದಿನ ಚಕ್ರದ ಹಿಂದೆ. ಗಾಡಿ ಉರುಳುವುದಾದರೆ ಮುಂದಕ್ಕೆ ತಾನೇ ಉರುಳುವುದು?

ಆಮೇಲೆ ನಡೆದದ್ದು ನನಗೆ ಅರ್ಥವಾದದ್ದು ಎಷ್ಟೋ ವರ್ಷಗಳ ನಂತರ. ಓಮ್ನಿಯಲ್ಲಿ ಎಂಜಿನಿನ ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ, ಹ್ಯಾಂಡ್‌ಬ್ರೇಕ್ ಹಿಡಿಯುವುದೂ ಅವನ್ನೇ. ಮುಂದಿನ ಎರಡೂ ಚಕ್ರಗಳು ಸ್ವತಂತ್ರ. ಹಿಂದಿನ ಒಂದು ಚಕ್ರ ನೆಲ ಬಿಟ್ಟರೆ ಗೇರ್ ಹಾಕಿಟ್ಟರೂ ಪ್ರಯೋಜನವಿಲ್ಲ. ಡಿಫರೆನ್ಷಿಯಲ್ ಇರುವುದರಿಂದ ಗಾಳಿಯಲ್ಲಿರುವ ಚಕ್ರ ಹಿಂದಕ್ಕೆ ತಿರುಗುತ್ತದೆ, ನೆಲದಲ್ಲಿರುವುದು ಮುಂದಕ್ಕೆ ಉರುಳುತ್ತದೆ. ಉಳಿದದ್ದು ಹ್ಯಾಂಡ್‌ಬ್ರೇಕ್ ಒಂದೇ. ಆದರೆ ಬ್ರೇಕ್ ಡ್ರಮ್ ಹೊರಬರಬೇಕಾದರೆ ಅದನ್ನೂ ಬಿಡಬೇಕು. ಉಪ್ಪ ಬಿಟ್ಟರು. ಆ ಕ್ಷಣದಲ್ಲಿ ಇಡೀ ಗಾಡಿಯನ್ನು ತಡೆದು ನಿಲ್ಲಿಸಬೇಕಾಗಿದ್ದದ್ದು ನಾನು ಇಡದೇ ಬಿಟ್ಟ ಕಲ್ಲು.

ಡ್ರಮ್ ಜಗ್ಗಿದಾಗ ಗಾಡಿ ಒಂದು ಗೇಣು ಮುಂದೆ ಹೋಯಿತು. ಜಾಕ್ ವಾಲಿತು. ಉಪ್ಪ ಕೈ ಎಳೆದುಕೊಂಡರು, ಒಂದು ಬೆರಳು ಮಾತ್ರ ತಡವಾಯಿತು. ತಲೆಯೋ ಎದೆಯೋ ಅಡಿಯಲ್ಲಿ ಇದ್ದಿದ್ದರೆ ಎಂಬುದನ್ನು ಈಗಲೂ ನಾನು ಪೂರ್ತಿ ಯೋಚಿಸುವುದಿಲ್ಲ. ಕೈಗೆ ಟವೆಲ್ ಸುತ್ತಿಕೊಂಡು ಉಪ್ಪ ಮುಂದಿನ ಚಕ್ರದ ಕಡೆ ನೋಡಿದರು, ನನ್ನನ್ನು ನೋಡಿದರು. ಏನೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಶಟರ್ ಅಂದರು.

ಕಳೆದ ರಜೆಯಲ್ಲಿ ಗೂಡಲೂರಿಗೆ ಹೋದಾಗ ನನ್ನ ಮಗ ನಮ್ಮ ಆಲ್ಟೋದ ಮುಂದಿನ ಬ್ರೇಕ್ ಪ್ಯಾಡ್ ತಾನೇ ಬದಲಿಸುತ್ತೇನೆ ಎಂದ. ಅವನಿಗೂ ಈಗ ಹದಿನಾರು. ಬೇಡ ಅನ್ನಬಹುದಿತ್ತು. ಕಲಿಸುವುದೇ ಒಳ್ಳೆಯದು ಅನ್ನಿಸಿತು.

ಮೊದಲು ಗಾಡಿಯನ್ನು ಅಂಗಳದಿಂದ ತೆಗೆದು ಅಂಗಡಿ ಮುಂದಿನ ಸಮತಟ್ಟಾದ ಸಿಮೆಂಟ್ ನೆಲಕ್ಕೆ ತಂದೆವು. ಮಳೆಗೆ ನೆನೆದ ಮಣ್ಣಿನಲ್ಲಿ ಜಾಕಿನ ಬುಡ ಹೂತುಹೋಗುತ್ತದೆ. ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಎರಡೂ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಮರದ ಅಡೆ ಕೊಟ್ಟೆವು. ಚಕ್ರದ ನಟ್ಟುಗಳನ್ನು ಗಾಡಿ ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲಿಸಿದೆವು. ಎತ್ತಿದ ಮೇಲೆ ಬಲ ಹಾಕಿ ಜಗ್ಗಿದರೆ ಗಾಡಿ ಅಲುಗಾಡುತ್ತದೆ. ಗಾಡಿಯ ಪುಸ್ತಕದಲ್ಲಿ ತೋರಿಸಿದ ಜಾಗಕ್ಕೇ ಜಾಕ್ ಕೊಟ್ಟೆವು.

"ಇಷ್ಟು ಸಾಕಲ್ವಾ?" ಎಂದ ಮಗ.

ಸಾಲದು. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಹೈಡ್ರಾಲಿಕ್ ಜಾಕಿನ ಒಳಗಿನ ಸೀಲ್ ಸೋತರೆ ಗಾಡಿ ಇಳಿಯುತ್ತದೆ, ಸ್ಕ್ರೂ ಜಾಕ್ ಪಕ್ಕಕ್ಕೆ ವಾಲುತ್ತದೆ. ಅದಕ್ಕೇ ಕಬ್ಬಿಣದ ಜಾಕ್ ಸ್ಟ್ಯಾಂಡ್ ಬೇಕು. ಅದನ್ನು ಗಟ್ಟಿ ಜಾಗದ ಅಡಿಗಿಟ್ಟು, ಜಾಕನ್ನು ನಿಧಾನ ಇಳಿಸಿ ಭಾರವನ್ನು ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ನಮ್ಮೂರಿನ ಕಡೆ ಅನೇಕರು ಕೆಂಪು ಕಲ್ಲನ್ನೋ ಟೊಳ್ಳು ಸಿಮೆಂಟ್ ಬ್ಲಾಕನ್ನೋ ಇಡುತ್ತಾರೆ. ಗೋಡೆಯಲ್ಲಿ ಅವು ಭಾರ ಹಂಚಿಕೊಂಡು ಹೊರುತ್ತವೆ. ಕಬ್ಬಿಣದ ಅಂಚು ಒಂದೇ ಕಡೆ ಒತ್ತಿದರೆ ಹೇಳದೆ ಕೇಳದೆ ಸೀಳುತ್ತವೆ. ಕೊನೆಗೆ ಗಾಡಿಯನ್ನು ಕೈಯಿಂದ ದೂಡಿ ನೋಡಿದೆವು, ಅಲುಗಲಿಲ್ಲ. ಬಿಚ್ಚಿದ ಚಕ್ರವನ್ನು ಗೋಡೆಗೆ ಒರಗಿಸದೆ ಗಾಡಿಯ ಅಡಿಗೆ ಮಲಗಿಸಿದೆವು. ಎಲ್ಲವೂ ಕೈಕೊಟ್ಟರೆ ಗಾಡಿ ಅದರ ಮೇಲೆ ಕೂರುತ್ತದೆ.

ಉಪ್ಪ ಅಂಗಡಿಯ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದರು. ಮಗ ಪ್ಯಾಡ್ ಬಿಚ್ಚಲು ಕೈ ಹಾಕುವ ಮೊದಲು ಎದ್ದು ಬಂದರು, ನಾಲ್ಕೂ ಅಡೆಗಳನ್ನು ಒಂದೊಂದಾಗಿ ಕಾಲಿನಿಂದ ಒತ್ತಿ ನೋಡಿದರು.

"ಉಪ್ಪಾ, ಅವತ್ತು ನಾನು ಒಂದೇ ಇಟ್ಟಿದ್ದೆ" ಎಂದೆ. ಇಷ್ಟು ವರ್ಷ ಬಾಯಿಗೆ ಬಾರದ ಮಾತು.

"ಗೊತ್ತು" ಎಂದರು. "ನಾನು ನಿನ್ನನ್ನು ಕೇಳಿದ್ದೇ ತಪ್ಪು. ಅಡಿಗೆ ಕೈ ಹಾಕುವವನು ತಾನೇ ಹೋಗಿ ನೋಡಬೇಕು."

ಮಗ ಸ್ಪ್ಯಾನರ್ ಕೆಳಗಿಟ್ಟು ಎದ್ದ. ನಾಲ್ಕೂ ಅಡೆಗಳನ್ನು ತಾನೇ ಹೋಗಿ ಇನ್ನೊಮ್ಮೆ ನೋಡಿಕೊಂಡು ಬಂದ.