ಉದ್ರಿ ಪುಸ್ತಕದ ಊರು

ದಾವಣಗೆರೆ ಎಂದರೆ ಈಗ ಎಲ್ಲರ ಬಾಯಲ್ಲೂ ಬೆಣ್ಣೆ ದೋಸೆ. ನಾವು ಹುಡುಗರಾಗಿದ್ದಾಗ ಈ ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದಿತ್ತು. ಆ ಮ್ಯಾಂಚೆಸ್ಟರ್ ಎಲ್ಲಿದೆಯೋ ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿನ ಹತ್ತಿ ಗಿರಣಿಗಳು ನಮ್ಮವಕ್ಕಿಂತ ಮೊದಲೇ ಬಾಗಿಲು ಹಾಕಿದ್ದವೆಂಬುದಂತೂ ಗೊತ್ತೇ ಇರಲಿಲ್ಲ. ಬಿರುದಿನ ಜೊತೆಗೆ ಹಣೆಬರಹವೂ ಬಂದಿತ್ತು.

ಎಂಬತ್ತರ ದಶಕದಲ್ಲಿ ಗಿರಣಿಗಳಿಗೆ ಕೆಟ್ಟ ಕಾಲ ಶುರುವಾಯಿತು. ಯಂತ್ರಗಳು ಅಜ್ಜನ ಕಾಲದವು, ನೇಯ್ಗೆ ಪವರ್‌ಲೂಮಿನ ಪಾಲಾಗಿತ್ತು, ಜನ ಹತ್ತಿ ಬಟ್ಟೆ ಬಿಟ್ಟು ಪಾಲಿಯೆಸ್ಟರಿಗೆ ಮರುಳಾಗಿದ್ದರು. ಗಿರಣಿ ಕೆಲಸಗಾರರ ಮಕ್ಕಳಾದ ನಾವೂ ಹಬ್ಬಕ್ಕೆ ಟೆರಿಲಿನ್ ಅಂಗಿಯೇ ಬೇಕೆಂದು ಹಟ ಹಿಡಿದವರೇ! ಮೊದಲು ಲೇಆಫ್ ಆಯಿತು, ಆಮೇಲೆ ಮೂರು ಪಾಳಿ ಹೋಗಿ ಒಂದಾಯಿತು, ಕಡೆಗೆ ಗೇಟಿಗೆ ಬೀಗ ಬಿತ್ತು.

ಅಪ್ಪ ಆಮೇಲೂ ದಿನಾ ಬೆಳಿಗ್ಗೆ ಗಡ್ಡ ಕೆರೆದುಕೊಂಡು ಗೇಟಿನವರೆಗೆ ಹೋಗಿಬರುತ್ತಿದ್ದ. ‘ಬರೋ ತಿಂಗಳು ಚಾಲೂ ಆಗ್ತೈತಂತೆ’ ಎಂಬ ಸುದ್ದಿ ತರುತ್ತಿದ್ದ. ಅದೇ ಸುದ್ದಿ ಓಣಿಯ ಎಲ್ಲ ಗಂಡಸರೂ ತಂದಿರುತ್ತಿದ್ದರು. ರಾಮಕೃಷ್ಣ ಹೆಗಡೆ ಸರ್ಕಾರ ಬಡವರ ಹಸಿರು ಕಾರ್ಡಿಗೆ ಕಿಲೋಗೆ 2 ರೂಪಾಯಿಯಂತೆ ಅಕ್ಕಿ ಕೊಡುತ್ತಿತ್ತು. ನಮಗೆ ಆ ಕಾರ್ಡು ಸಿಗಲಿಲ್ಲ. ಕಾಗದದ ಮೇಲೆ ಅಪ್ಪ ಇನ್ನೂ ಪಗಾರದ ಮನುಷ್ಯ.

ಅವ್ವ ಮಾತ್ರ ಬರೋ ತಿಂಗಳಿಗೆ ಕಾಯಲಿಲ್ಲ. ಮಂಡಕ್ಕಿ ಭಟ್ಟಿಗೆ ಹೋಗಿ ಒಂದು ಚೀಲ ಹೊರಿಸಿಕೊಂಡು ಬಂದಳು. ಆ ಭಟ್ಟಿಗಳನ್ನು ನೋಡಬೇಕು. ಒಳಗೆ ಹೊಟ್ಟಿನ ಉರಿ, ಮೇಲೆ ಬಾಣಲೆ ತುಂಬ ಕಾದ ಮರಳು. ಉಪ್ಪುನೀರು ಹಿಡಿಸಿದ ಅಕ್ಕಿ ಅದರೊಳಗೆ ಬಿದ್ದದ್ದೇ ತಡ, ಚಟಪಟ ಅರಳಿ ಮೇಲೆದ್ದು ಬರುತ್ತದೆ. ಜರಡಿ ಹಿಡಿದು ಮರಳನ್ನು ವಾಪಸು ಬಾಣಲೆಗೆ ಬಿಡುವವರ ಮುಖ ಸಂಜೆಯ ಹೊತ್ತಿಗೆ ಹೊಗೆಯಲ್ಲಿ ಗುರುತೇ ಸಿಗದು. ಅವ್ವ ತಂದ ಮಂಡಕ್ಕಿಗೆ ಬೆಳ್ಳುಳ್ಳಿ, ಕರಿಬೇವು, ಅರಿಶಿನ, ಖಾರಪುಡಿ, ಪುಟಾಣಿ, ಶೇಂಗಾ ಒಗ್ಗರಣೆ ಹಾಕಿ ಖಾರ ಮಂಡಕ್ಕಿ ಮಾಡಿ ಅಂಗಡಿಗಳಿಗೆ ಕೊಡತೊಡಗಿದಳು. ಹಳೇ ಪೇಪರಿನ ಪೊಟ್ಟಣ ಕಟ್ಟುವ ಕೆಲಸ ಅಪ್ಪನಿಗೆ ಬಿತ್ತು. ಮೊದಮೊದಲು ಬಾಗಿಲು ಮುಂದೆ ಮಾಡಿಕೊಂಡು ಕಟ್ಟುತ್ತಿದ್ದ. ಆಮೇಲೆ ಕಟ್ಟೆಯ ಮೇಲೇ ಕೂತ. ಎದುರು ಮನೆಯವರೂ ಅದನ್ನೇ ಮಾಡುತ್ತಿದ್ದಾರೆಂದು ಗೊತ್ತಾದ ಮೇಲೆ ನಾಚಿಕೆ ಯಾರ ಮುಂದೆ?

ಎಣ್ಣೆ, ಶೇಂಗಾ ಎಲ್ಲ ಮೂಲೆಯಂಗಡಿಯಿಂದ ಉದ್ರಿ. ಅಂಗಡಿಯಣ್ಣನ ತಲೆಯ ಮೇಲೆ ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡು ತೂಗುತ್ತಿತ್ತು. ಅದರ ಕೆಳಗೇ ಕೂತು ಅವನು ಇಡೀ ಓಣಿಯ ಉದ್ರಿ ಬರೆಯುತ್ತಿದ್ದ.

‘ಅಕ್ಕಾ, ಹಿಂದಿನ ಬಾಕಿ ಐತಲ್ಲ?’

‘ಓಡಿ ಹೋಗ್ತೀವೇನಪ್ಪ? ಪಾವು ಕಿಲೋ ಶೇಂಗಾ ಕಟ್ಟು.’

ಕಟ್ಟುತ್ತಿದ್ದ. ದೊಡ್ಡ ಮನಸ್ಸೆಂದೇನೂ ಅಲ್ಲ. ಉದ್ರಿ ನಿಲ್ಲಿಸಿದರೆ ಅವನಿಗೂ ಗಿರಾಕಿ ಇರಲಿಲ್ಲ.

ಅಷ್ಟರಲ್ಲಿ ಊರಿನ ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳಿಗೆ ದೂರದೂರದ ಹುಡುಗರು ಬರತೊಡಗಿದ್ದರು. ಓಣಿಯ ಎಷ್ಟೋ ಮನೆಗಳು ಮುಂಗೋಣೆಯನ್ನು ಅವರಿಗೆ ಬಾಡಿಗೆಗೆ ಬಿಟ್ಟು ಹಿಂದಕ್ಕೆ ಸರಿದವು. ರೊಟ್ಟಿ ಬಡಿದೇ ಗೊತ್ತಿದ್ದ ಹೆಂಗಸರು ಆ ಹುಡುಗರಿಗಾಗಿ ತೆಳ್ಳಗೆ ಚಪಾತಿ ಲಟ್ಟಿಸುವುದನ್ನು ಕಲಿತರು.

ಗಿರಣಿಗಳ ಬಗ್ಗೆ ಬರೆಯುವವರು ಈಗಲೂ ಎಷ್ಟು ಕದಿರು, ಎಷ್ಟು ಮಗ್ಗ, ಎಷ್ಟು ಕಾರ್ಮಿಕರು ಎಂದು ಲೆಕ್ಕ ಕೊಡುತ್ತಾರೆ. ಒಲೆಗಳ ಲೆಕ್ಕ ಕೊಟ್ಟವರನ್ನು ನಾನು ಕಂಡಿಲ್ಲ. ಆ ವರ್ಷಗಳಲ್ಲಿ ನಮ್ಮ ಓಣಿ ಉಪವಾಸ ಬೀಳದೆ ಉಳಿದದ್ದು ಯೂನಿಯನ್ನಿನಿಂದಲ್ಲ, ಸರ್ಕಾರದಿಂದಲೂ ಅಲ್ಲ, ಹೆಂಗಸರ ಒಲೆಗಳಿಂದ.

ದಾವಣಗೆರೆಗೆ ಬಂದರೆ ದೋಸೆ ತಿಂದು ಹಾಗೇ ಬಸ್ ಹತ್ತಬೇಡಿ. ಸಂಜೆ ಮಂಡಕ್ಕಿ, ಮಿರ್ಚಿ ಮಾರುವ ಹೆಂಗಸರ ಬಳಿಯೂ ಹೋಗಿ. ಚೌಕಾಸಿ ಮಾತ್ರ ಮಾಡಬೇಡಿ.