ಗುಂಯ್ ಅನ್ನುವ ಸದ್ದಿನ ಬೆನ್ನು ಹತ್ತಿ...

ಮನೆಯಲ್ಲಿ ಆಂಪ್ಲಿಫೈಯರ್, ಎರಡು ದೊಡ್ಡ ಸ್ಪೀಕರ್, ಒಂದು ಕ್ಯಾಸೆಟ್ ಡೆಕ್ ಇಟ್ಟುಕೊಂಡವರಿಗೆಲ್ಲ ಈ ಸದ್ದಿನ ಪರಿಚಯ ಇದ್ದೇ ಇರುತ್ತೆ. ಹಾಡು ನಡೆಯುವಾಗ ಗೊತ್ತೇ ಆಗಲ್ಲ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಮೂಲೆಯಿಂದ "ಗುಂಯ್..." ಅಂತ ಬರುತ್ತೆ. ದೂರದ ಮರದಲ್ಲಿ ಜೇನುಗೂಡು ಇದ್ದ ಹಾಗೆ. ಬಹಳ ಜನ ಫ್ಯಾನಿನ ಸದ್ದಿನಂತೆ ಅದಕ್ಕೂ ಒಗ್ಗಿಕೊಂಡುಬಿಡುತ್ತಾರೆ. ಮುಂಬೈನ ನಮ್ಮ ಫ್ಲಾಟಿನಲ್ಲೂ ಅದು ವರ್ಷಗಟ್ಟಲೆ ಬಾಡಿಗೆ ಕೊಡದ ಬಿಡಾರದವನ ಹಾಗೆ ಇತ್ತು :-)

ಅದನ್ನು ಓಡಿಸಲೇಬೇಕು ಅಂತ ಆಗಿದ್ದು ಒಂದು ಕ್ಯಾಸೆಟ್ಟಿನ ದೆಸೆಯಿಂದ. ಧಾರವಾಡದ ಮನೆ ಖಾಲಿ ಮಾಡುವಾಗ ಟ್ರಂಕಿನಲ್ಲಿ ಸಿಕ್ಕಿದ್ದು ಅಂತ ಅಣ್ಣ ತಂದುಕೊಟ್ಟ. ಅರವತ್ತು ನಿಮಿಷದ್ದು. 1986ರಲ್ಲಿ ನಮ್ಮ ಸೋದರಮಾವ ತಮ್ಮ ಟೂ-ಇನ್-ವನ್ ಇಟ್ಟುಕೊಂಡು ಅಪ್ಪನ ಬಾಯಿಂದ ಊರಿನ ಕಥೆ, ಮನೆತನದ ಕಥೆ, ಬಾವಿ ತೋಡಿಸಿದ ಕಥೆ ಎಲ್ಲ ಹೇಳಿಸಿದ್ದರು. ಅಪ್ಪ 1998ರಲ್ಲಿ ಹೋದರು. ಅವರ ಧ್ವನಿ ಅಂತ ಉಳಿದಿರೋದು ಇದೊಂದೇ. ಅವ್ವನಿಗೆ ಈಗ ಎಂಬತ್ಮೂರು, ನಮ್ಮ ಜೊತೆಗೇ ಇದ್ದಾಳೆ, ಕಿವಿಗೆ ಮೆಷಿನ್ ಹಾಕಿಕೊಳ್ಳುತ್ತಾಳೆ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ ಎಲ್ಲರಿಗೂ ಒಂದೊಂದು ಪ್ರತಿ ಕೊಡೋದು ಅಂತ ನಿರ್ಧಾರವಾಯಿತು.

ಮೊದಲ ಸಲ ಹಾಕಿದಾಗ ಎರಡು ಸಂಗತಿ ನಡೆದವು. ಒಂದು, ಅಪ್ಪ ಮಾತು ನಿಲ್ಲಿಸಿದಲ್ಲೆಲ್ಲ ಗುಂಯ್ ಸದ್ದು ಎದ್ದು ಕೇಳುತ್ತಿತ್ತು. ಅದೂ ಒಂದೇ ಸಮ ಇರದೆ, ಜೋಕಾಲಿ ಜೀಕಿದ ಹಾಗೆ ಏರುತ್ತಾ ಇಳಿಯುತ್ತಾ ಇತ್ತು. ಕ್ಯಾಸೆಟ್ ನಿಲ್ಲಿಸಿದರೆ ಜೀಕು ನಿಂತು ಸಾದಾ ಗುಂಯ್ ಮಾತ್ರ ಉಳಿಯುತ್ತಿತ್ತು. ಎರಡನೆಯದು ಅವ್ವ ಹೇಳಿದ ಮಾತು. "ಇದು ನಿಮ್ಮಪ್ಪಾರ ಧ್ವನಿ ಅಲ್ಲಪಾ. ಅವರದು ಇಷ್ಟು ಸಣ್ಣ ಧ್ವನಿ ಎಲ್ಲಿತ್ತು? ಹುಡುಗೂರ ಗತೆ ಕೇಳಸ್ತದ." ಅಷ್ಟು ಹೇಳಿ ಎದ್ದು ಒಳಗೆ ಹೋದಳು.

ಹಳೆಯ ಟೇಪನ್ನು ಸುಮ್ಮನೆ ಹತ್ತು ಸಲ ತಿರುಗಿಸುವಂತಿಲ್ಲ, ಸವೆಯುತ್ತೆ, ಸಿಕ್ಕಿಕೊಂಡರೆ ಹರಿಯುತ್ತೆ. ಅದನ್ನು ತೆಗೆದಿಟ್ಟೆ. ಮೊದಲು ಮನೆಯ ಸದ್ದು ಹುಡುಕಬೇಕಿತ್ತು.

ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನಿಗೆ ಎಲೆಕ್ಟ್ರಾನಿಕ್ಸ್ ಎಲ್ಲಿಂದ ಬರಬೇಕು? ಆದರೆ ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ದಾಗ ಏನು ಮಾಡಬೇಕು ಅಂತ ಗೊತ್ತು. ಮೊದಲು ವ್ಯತ್ಯಾಸದ ಮೊತ್ತವನ್ನೇ ನೋಡಬೇಕು. ಅದು ಒಂಬತ್ತರಿಂದ ಭಾಗವಾದರೆ ಎಲ್ಲೋ 54 ಬರೆಯುವಲ್ಲಿ 45 ಬರೆದಿರುವ ಸಾಧ್ಯತೆ ಹೆಚ್ಚು. ಸದ್ದಿನಲ್ಲೂ ಹಾಗೇ, ಅದರ ಬಗೆಯೇ ಅರ್ಧ ಸುಳಿವು ಕೊಡುತ್ತೆ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಹೋಗಿ ಬರುವ ಸುತ್ತು ಪೂರೈಸುತ್ತೆ, ಅಂದರೆ 50 ಹರ್ಟ್ಸ್. ಆಳವಾದ, ಮೆತ್ತನೆಯ 50ರ ಗುಂಯ್ ಇದ್ದರೆ ಅದು ಸಾಮಾನ್ಯವಾಗಿ ಹೊರಗಿನಿಂದ, ವೈರು ಅಥವಾ ಟ್ರಾನ್ಸ್‌ಫಾರ್ಮರ್ ಮೂಲಕ ಒಳಗೆ ನುಸುಳಿದ್ದು. ಅದಕ್ಕಿಂತ ಒರಟಾಗಿ 100 ಹರ್ಟ್ಸಿನಲ್ಲಿ ಝಂಯ್ ಅಂದರೆ ಆಂಪ್ಲಿಫೈಯರಿನ ಒಳಗಿನ ಪವರ್ ಸಪ್ಲೈ ಮೇಲೆ ಅನುಮಾನ, ಅಲ್ಲಿನ ಕೆಪಾಸಿಟರ್‌ಗಳು ವಯಸ್ಸಾದಂತೆ ಒಣಗುತ್ತವೆ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ತಿರುಗಿಸಿದಾಗ ಹೆಚ್ಚು ಕಡಿಮೆಯಾಗುವ ಕರಕರ ಇದ್ದರೆ ಅಪರಾಧಿ ಅದೇ. ನಮ್ಮದು ಆಳದ ಗುಂಯ್.

ಎರಡನೇ ಪರೀಕ್ಷೆ ಇನ್ನೂ ಸುಲಭ. ವಾಲ್ಯೂಮ್ ತಿರುಗಿಸಿ. ಸದ್ದು ಬದಲಾಗದಿದ್ದರೆ ಅದು ವಾಲ್ಯೂಮಿನ ಆಚೆ, ಸ್ಪೀಕರಿನ ಕಡೆಯ ಸರ್ಕ್ಯೂಟಿನಲ್ಲಿ ಹುಟ್ಟುತ್ತಿದೆ. ವಾಲ್ಯೂಮಿನ ಜೊತೆ ಏರಿಳಿದರೆ ಈಚೆಯಿಂದ, ಅಂದರೆ ಹಾಡು ಒಳಗೆ ಬರುವ ಕಡೆಯಿಂದ. ನಮ್ಮದು ಏರಿಳಿಯಿತು. ಆಂಪ್ಲಿಫೈಯರ್ ನಿರಪರಾಧಿ ಅಂತ ಅಲ್ಲಿಗೆ ಹೆಚ್ಚುಕಡಿಮೆ ತೀರ್ಮಾನವಾಯಿತು.

ಮೂರನೆಯದು ಕಳಚುವ ಕೆಲಸ. ಆಂಪ್ಲಿಫೈಯರ್ ಆಫ್ ಮಾಡಿ ಹಿಂದಿನ ವೈರುಗಳನ್ನೆಲ್ಲ ಬಿಚ್ಚಿ, ಒಂದೊಂದೇ ಹಾಕುತ್ತಾ ಕೇಳೋದು. ಪ್ರತಿ ಸಲವೂ ಆಫ್ ಮಾಡಿಯೇ ಹಾಕಬೇಕು, ಇಲ್ಲದಿದ್ದರೆ ಸ್ಪೀಕರ್ ಢಬ್ ಅಂದು ಹಾಳಾದೀತು. ಸಿ.ಡಿ. ಪ್ಲೇಯರ್ ಹಾಕಿದೆ, ಸದ್ದಿಲ್ಲ. ಟಿ.ವಿ.ಯಿಂದ ಬರುವ ವೈರು ಹಾಕಿದ ಕೂಡಲೇ ಗುಂಯ್! ಆಮೇಲೆ ಟಿ.ವಿ.ಯ ಸೆಟ್‌ಟಾಪ್ ಡಬ್ಬಿಗೆ ಬರುವ ಕೇಬಲ್ಲನ್ನು ಬಿಚ್ಚಿದರೆ ಸದ್ದು ಮಾಯ.

ಕಾರಣ ಇಷ್ಟು. ಆಂಪ್ಲಿಫೈಯರಿನ ಮೈ ಮೂರು ಪಿನ್ನಿನ ಪ್ಲಗ್ ಮೂಲಕ ನಮ್ಮ ಕಟ್ಟಡದ ಅರ್ಥಿಂಗಿಗೆ ಸೇರಿದೆ. ಕೇಬಲ್ಲಿನ ಹೊರಗಿನ ಹೆಣಿಗೆ ತಂತಿ ಬೇರೆ ಕಟ್ಟಡಗಳ ಮೇಲಿಂದ ಬಂದು, ಬೇರೆಲ್ಲೋ ನೆಲಕ್ಕೆ ಸೇರಿದೆ. ಎರಡೂ "ನೆಲ"ವೇ ಆದರೂ ಎರಡರ ಮಟ್ಟ ಒಂದೇ ಇರೋಲ್ಲ. ನಡುವೆ ನಮ್ಮ ಟಿ.ವಿ. ವೈರು ಸೇತುವೆ ಕಟ್ಟಿದ ಕೂಡಲೇ ಅದರಲ್ಲಿ ಸಣ್ಣ ಕರೆಂಟು ಹರಿದು, 50 ಹರ್ಟ್ಸಿನ ಗುಂಯ್ ಹಾಡಿನ ಜೊತೆ ಸೇರಿಕೊಳ್ಳುತ್ತೆ. ಇದಕ್ಕೆ ಗ್ರೌಂಡ್ ಲೂಪ್ ಅಂತಾರೆ.

ಸೊಸೈಟಿಯ ಎಲೆಕ್ಟ್ರಿಷಿಯನ್‌ನನ್ನು ಕರೆದರೆ ಒಂದೇ ನಿಮಿಷದಲ್ಲಿ ಪರಿಹಾರ ಹೇಳಿದ. "ಸಾಬ್, ಅರ್ಥಿಂಗ್ ಕಾ ಪಿನ್ ನಿಕಾಲ್ ದೋ, ಆವಾಜ್ ಬಂದ್!" ಅವನು ಹೇಳಿದ್ದು ಸುಳ್ಳಲ್ಲ. ಪಿನ್ ತೆಗೆದರೆ ಲೂಪ್ ಮುರಿದು ಸದ್ದು ನಿಲ್ಲುತ್ತೆ. ಆದರೆ ಆ ಪಿನ್ ಉಳಿದೆರಡಕ್ಕಿಂತ ದಪ್ಪ, ಉದ್ದ ಯಾಕಿದೆ ನೋಡಿ. ಪ್ಲಗ್ ಚುಚ್ಚುವಾಗ ಎಲ್ಲಕ್ಕಿಂತ ಮೊದಲು ಅದು ಕೂಡಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು ಅಂತ. ಒಳಗೆ ಎಂದಾದರೂ ಒಂದು ವೈರಿನ ಹೊದಿಕೆ ಹರಿದು ಲೋಹದ ಡಬ್ಬಿಗೆ ತಾಗಿದರೆ, 230 ವೋಲ್ಟ್ ಆ ಪಿನ್ನಿನ ದಾರಿ ಹಿಡಿದು ನೆಲಕ್ಕೆ ಹೋಗುತ್ತೆ, ಫ್ಯೂಸ್ ಹಾರುತ್ತೆ. ಪಿನ್ ಇಲ್ಲದಿದ್ದರೆ ಡಬ್ಬಿ ಮುಟ್ಟಿದವರ ಮೈಯೇ ದಾರಿ. ಅವ್ವ ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಆ ಡಬ್ಬಿ ಒರೆಸುತ್ತಾಳೆ. ಅವನಿಗೆ ಚಹಾ ಕೊಟ್ಟು ಕಳಿಸಿದೆ. ದಯವಿಟ್ಟು ನೀವು ಯಾರೂ ಆ ಪಿನ್ನಿಗೆ ಕೈ ಹಚ್ಚಬೇಡಿ.

ಸರಿಯಾದ ದಾರಿ ಬೇರೆ ಇದೆ. ಟಿ.ವಿ.ಯಿಂದ ಆಪ್ಟಿಕಲ್ ಕೇಬಲ್ ತಂದೆ, ಆಂಪ್ಲಿಫೈಯರ್ ಹಳೆಯದಾದ್ದರಿಂದ ನಡುವೆ ಒಂದು ಸಣ್ಣ ಕನ್ವರ್ಟರ್ ಡಬ್ಬಿ. ಆಪ್ಟಿಕಲ್ಲಿನಲ್ಲಿ ಹರಿಯೋದು ಬೆಳಕು, ಕರೆಂಟಲ್ಲ. ಸೇತುವೆ ಮುರಿಯಿತು, ಅರ್ಥಿಂಗ್ ಹಾಗೇ ಉಳಿಯಿತು.

ಇಷ್ಟಾದ ಮೇಲೂ ಕ್ಯಾಸೆಟ್ ಡೆಕ್ ಹಾಕಿದರೆ ಸಣ್ಣಗೆ ಗುಂಯ್. ಇದು ಬೇರೆ ಜಾತಿಯದು. ಟೇಪಿನ ಹೆಡ್ಡಿನಿಂದ ಬರುವ ಸಂಕೇತ ಒಂದು ಮಿಲಿವೋಲ್ಟಿಗಿಂತ ಕಡಿಮೆ, ಅದನ್ನು ನೂರಾರು ಪಟ್ಟು ಹಿಗ್ಗಿಸಬೇಕು. ಹತ್ತಿರದಲ್ಲಿ ಟ್ರಾನ್ಸ್‌ಫಾರ್ಮರ್ ಇದ್ದರೆ ಅದರ ಅಯಸ್ಕಾಂತ ಕ್ಷೇತ್ರವನ್ನೂ ಹೆಡ್ಡು ಹಾಡು ಅಂದುಕೊಂಡು ಓದಿಬಿಡುತ್ತೆ. ಡೆಕ್ಕನ್ನು ಆಂಪ್ಲಿಫೈಯರಿನಿಂದ ಎತ್ತಿ ಒಂದು ಮಾರು ದೂರದ ಸ್ಟೂಲಿನ ಮೇಲೆ ಇಟ್ಟೆ. ನಿಶ್ಶಬ್ದ! ಲ್ಯಾಪ್‌ಟಾಪನ್ನೂ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿದೆ, ಚಾರ್ಜರ್ ಇನ್ನೊಂದು ಲೂಪ್ ಮಾಡೋದು ಬೇಡ ಅಂತ.

ಈಗ ಅಪ್ಪನ ಕ್ಯಾಸೆಟ್ ಹಾಕಿದೆ. ಜೀಕು ಹೋಗಿತ್ತು. ಆದರೆ ಒಂದು ಗುಂಯ್ ಇನ್ನೂ ಇತ್ತು.

ಮೊದಲ ಸಲದ ರೆಕಾರ್ಡಿಂಗನ್ನು ಆಡಾಸಿಟಿ ಅನ್ನುವ ಉಚಿತ ತಂತ್ರಾಂಶದಲ್ಲಿ ತೆರೆದು ಅಪ್ಪ ಸುಮ್ಮನಿದ್ದ ಕಡೆ ಸ್ಪೆಕ್ಟ್ರಂ ನೋಡಿದೆ. ಎರಡು ಗುಡ್ಡ! ಒಂದು 50ರಲ್ಲಿ, ಇನ್ನೊಂದು 52ರ ಆಸುಪಾಸಿನಲ್ಲಿ. ಹೊಸ ರೆಕಾರ್ಡಿಂಗಿನಲ್ಲಿ 50ರದ್ದು ಇಲ್ಲ, 52ರದ್ದು ಮಾತ್ರ. ಅಂದರೆ 50ರದ್ದು ಮುಂಬೈನದು, 52ರದ್ದು ಟೇಪಿನೊಳಗೇ ಇರುವ ಧಾರವಾಡದ್ದು. ಎರಡೂ ಸೇರಿ ಸೆಕೆಂಡಿಗೆ ಎರಡು ಸಲ ಜೀಕುತ್ತಿದ್ದವು.

ಧಾರವಾಡದಲ್ಲಿ ಕರೆಂಟು 52 ಯಾಕಿರುತ್ತೆ? ಇರಲಿಲ್ಲ. ಮಾವನ ಟೂ-ಇನ್-ವನ್ ಅವತ್ತು ನಿಧಾನ ಓಡಿದೆ, ಸರಿಯಾದ ವೇಗದ ಡೆಕ್ಕಿನಲ್ಲಿ ಅದು ಚುರುಕಾಗಿ ಕೇಳುತ್ತಿದೆ. (ನಮ್ಮ ಡೆಕ್ಕನ್ನು ಒಂದೇ ಹಾಡಿನ ಕಂಪನಿ ಕ್ಯಾಸೆಟ್ ಮತ್ತು ಸಿ.ಡಿ. ಎರಡನ್ನೂ ಹಾಕಿ ತಾಳೆ ನೋಡಿದೆ, ಸರಿ ಇತ್ತು.) ಗುಂಯ್ ಜೊತೆ ಅಪ್ಪನ ಧ್ವನಿಯೂ ಮೇಲೇರಿದೆ. ಅವ್ವ ಹೇಳಿದ್ದು ಅಕ್ಷರಶಃ ನಿಜ!

ಹಾಗಾದರೆ 52ನ್ನು 50ಕ್ಕೆ ಇಳಿಸಿದರೆ ಆಯ್ತಲ್ಲ? ಅಷ್ಟು ಸರಳ ಅಲ್ಲ. ಇವತ್ತು ಗ್ರಿಡ್ ಆವರ್ತನ 49.90ರಿಂದ 50.05ರ ಒಳಗೆ ಇರಬೇಕು ಅಂತ ನಿಯಮ ಇದೆ. ಆಗಿನ ಕಾಲದಲ್ಲಿ ವಿದ್ಯುತ್ತಿನ ಕೊರತೆಯಿಂದ ಅದು ಎಷ್ಟೋ ಸಲ 49ಕ್ಕಿಂತಲೂ ಕೆಳಗೆ ಹೋಗುತ್ತಿತ್ತು. ಆವರ್ತನ ಕುಸಿದಾಗ ಮಿತಿಮೀರಿ ಸೆಳೆದವರಿಗೆ ಹೆಚ್ಚು ದರ ಹಾಕುವ ಪದ್ಧತಿ 2002-03ರಲ್ಲಿ ಬಂದ ಮೇಲೆಯೇ ಪರಿಸ್ಥಿತಿ ಸುಧಾರಿಸಿದ್ದು. ಅವತ್ತು ಸಂಜೆ 50 ಇದ್ದಿದ್ದರೆ ವೇಗದಲ್ಲಿ ಶೇ. 4ರಷ್ಟು ವ್ಯತ್ಯಾಸ, 49 ಇದ್ದಿದ್ದರೆ ಶೇ. 6ರ ಹತ್ತಿರ. ಶೇ. 6 ಅಂದರೆ ಹಾರ್ಮೋನಿಯಂನಲ್ಲಿ ಪಕ್ಕದ ಸ್ವರಕ್ಕೆ ಜಾರಿದ ಹಾಗೆ.

ಇದನ್ನು ಹೇಳಬಲ್ಲವರು ಮನೆಯಲ್ಲಿ ಒಬ್ಬರೇ. ಐದು ನಿಮಿಷದ ತುಣುಕನ್ನು ಮೂರು ವೇಗದಲ್ಲಿ ಮಾಡಿದೆ: ಇದ್ದ ಹಾಗೆ ಒಂದು, 50ಕ್ಕೆ ಇಳಿಸಿ ಒಂದು, 49ಕ್ಕೆ ಇಳಿಸಿ ಒಂದು. ಯಾವುದು ಯಾವುದು ಅಂತ ಹೇಳದೆ ಅವ್ವನಿಗೆ ಕೇಳಿಸಿದೆ. ಮೊದಲನೆಯದಕ್ಕೆ ಕೈ ಅಲ್ಲಾಡಿಸಿದಳು. ಎರಡನೆಯದಕ್ಕೆ "ಸನೇಕ ಬಂತು" ಅಂದಳು. ಮೂರನೆಯದಕ್ಕೆ ಏನೂ ಹೇಳಲಿಲ್ಲ. ಅಪ್ಪ ಬಾವಿಯ ಕಥೆಗೆ ಬಂದಾಗ ತಟ್ಟನೆ, "ಸುಳ್ಳ ಹೇಳ್ತಾರ ನೋಡು! ಉಪ್ಪು ನೀರಂತ! ಆ ಬಾವಿ ನೀರು ಸಿಹಿ ಇತ್ತು, ನಾ ಸೇದೀನಿ" ಅಂತ ಸ್ಪೀಕರ್ ಕಡೆ ನೋಡಿ ಜಗಳಕ್ಕೇ ಇಳಿದಳು. ಮೂರನೆಯದೇ ಸರಿ ಅಂತ ನನಗೆ ಬೇರೆ ಪುರಾವೆ ಬೇಕಾಗಲಿಲ್ಲ.

ಹಂಚುವ ಪ್ರತಿಗಳಲ್ಲಿ 49ಕ್ಕೆ ಇಳಿಸಿದ ಗುಂಯ್ ಮಾತ್ರ ಫಿಲ್ಟರ್ ಹಾಕಿ ತೆಗೆದೆ. ಅದರ ಮೇಲಿನ 98ರದ್ದು ಮುಟ್ಟಲಿಲ್ಲ, ಗಂಡಸರ ಮಾತಿನ ಶ್ರುತಿ ಅಲ್ಲೇ 100ರ ಆಜುಬಾಜು ಓಡಾಡುತ್ತೆ, ಸದ್ದಿನ ಜೊತೆ ಧ್ವನಿಯೂ ತೆಳುವಾಗುತ್ತೆ. ಮೂಲ ರೆಕಾರ್ಡಿಂಗನ್ನು ಯಾವ ಫಿಲ್ಟರೂ ಹಾಕದೆ, ಗುಂಯ್ ಸಮೇತ ಎರಡು ಕಡೆ ಬೇರೆ ಇಟ್ಟಿದ್ದೇನೆ. ಮುಂದೆ ಯಾರಿಗಾದರೂ ವೇಗ ಮತ್ತೆ ತಾಳೆ ನೋಡಬೇಕು ಅನಿಸಿದರೆ ಆ ಟೇಪಿನಲ್ಲಿರುವ ಗಡಿಯಾರ ಅದೊಂದೇ.

ನಿಮ್ಮ ಟ್ರಂಕಿನಲ್ಲೂ ಇಂಥ ಕ್ಯಾಸೆಟ್ ಇದ್ದರೆ ಈ ರಜೆಯಲ್ಲೇ ಇಳಿಸಿಬಿಡಿ. ಆ ಧ್ವನಿಯನ್ನು ಬಲ್ಲ ಹಿರಿಯರು ಯಾರಾದರೂ ಇದ್ದರೆ ಪಕ್ಕದಲ್ಲೇ ಕೂರಿಸಿಕೊಳ್ಳಿ.