ದುಡಿತವನ್ನು ದೇವರೆಂದ ಗೃಹಸ್ಥ

ದಿವಂಗತ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರು ಕೇಳದ ಕನ್ನಡ ಮನೆ ನಮ್ಮ ಗಡಿನಾಡಿನಲ್ಲಿ ಇರಲಾರದು. ಕವಿಗಳೆಂದು, ಕಾಸರಗೋಡಿನ ವಿಲೀನೀಕರಣಕ್ಕಾಗಿ ಹೋರಾಡಿದ ಧೀರರೆಂದು ನಾವು ಅವರನ್ನು ಸ್ಮರಿಸುತ್ತೇವೆ. ಆದರೆ ಹಳ್ಳಿಯ ಶಾಲೆಯಲ್ಲಿ ಬಾಳಿನ ಬಹುಭಾಗವನ್ನು ಕಳೆದ ನನಗೆ ಅವರು ಮೊದಲು ನೆನಪಾಗುವುದು, ಮೈಮುರಿದು ದುಡಿದು ಸಂಸಾರ ಸಾಗಿಸಿದ ಒಬ್ಬ ಗೃಹಸ್ಥರಾಗಿ. ತಮ್ಮ ಆತ್ಮಕಥನಕ್ಕೆ ಅವರು ಇಟ್ಟ ಹೆಸರೇ ‘ದುಡಿತವೇ ನನ್ನ ದೇವರು’. ಅಧ್ಯಾಪಕ ತರಬೇತಿಯ ದಿನಗಳಲ್ಲಿ ಆ ಹೆಸರು ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು.

1915ನೆಯ ಇಸವಿ ಜೂನ್ 8ರಂದು ಜನಿಸಿದ ರೈಗಳ ಮನೆಮಾತು ತುಳು. ನೀರ್ಚಾಲಿನ ಮಹಾಜನ ಸಂಸ್ಕೃತ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಮುಂದೆ ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಅವರು ಅಧ್ಯಾಪಕರಾದರು. ಎಂಟು ಮಂದಿ ಮಕ್ಕಳ ತುಂಬು ಸಂಸಾರ. ಆ ಕಾಲದ ಮೇಷ್ಟ್ರ ಸಂಬಳ ಎಷ್ಟೆಂಬುದನ್ನು ಹಿರಿಯರು ಬಲ್ಲರು. ರೈಗಳು ಲೇಖನಿ ಹಿಡಿದ ಕೈಯಲ್ಲೇ ಹಾರೆಯನ್ನೂ ಹಿಡಿದು ಕೃಷಿಕರಾದರು. ಬದಿಯಡ್ಕದ ಸಮೀಪದ ಅವರ ‘ಕವಿತಾ ಕುಟೀರ’ ಕವಿಯ ಮನೆಯಾಗಿದ್ದಂತೆ ಕೃಷಿಕನ ಮನೆಯೂ ಆಗಿತ್ತು.

ನಮ್ಮ ಕಡೆಯ ಅಡಿಕೆ ಕೃಷಿಯ ಕಷ್ಟವನ್ನು ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತಿನ ಮದ್ದು ಬಿಡಬೇಕು. ಬೇಸಗೆಯಲ್ಲಿ ನೀರು ಹಾಯಿಸಬೇಕು. ಬುಡಕ್ಕೆ ಸೊಪ್ಪು, ಗೊಬ್ಬರ ಹಾಕಬೇಕು. ಕೊಯ್ದ ಅಡಿಕೆಯನ್ನು ಅಂಗಳದಲ್ಲಿ ಒಣಗಿಸಿ ಸುಲಿಯಬೇಕು. ಸಸಿ ನೆಟ್ಟವನು ಫಲ ಕಾಣಲು ವರ್ಷಗಟ್ಟಲೆ ಕಾಯಬೇಕು. ತರಗತಿಯ ಕೆಲಸವೂ ಹೀಗೆಯೇ ಅಲ್ಲವೆ? 1969ರಲ್ಲಿ ಶ್ರೇಷ್ಠ ಅಧ್ಯಾಪಕರೆಂಬ ಪ್ರಶಸ್ತಿ ಅವರನ್ನು ಅರಸಿ ಬಂದಾಗ, ಅದು ತಾಳ್ಮೆಗೆ ಸಂದ ಗೌರವವೂ ಆಗಿತ್ತು.

ದುಡಿಮೆಗೆ ಫಲ ದೊರೆತಾಗ ಹಿಗ್ಗುವುದು ಸುಲಭ. ದೊರೆಯದಾಗಲೇ ಮನುಷ್ಯನ ಪರೀಕ್ಷೆ. 1956ರ ನವೆಂಬರ್ 1ರಂದು, ದಕ್ಷಿಣ ಕನ್ನಡದ ಅಂಗವಾಗಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. ಅದು ಕಾರ್ಯರೂಪಕ್ಕೆ ಬರಲಿಲ್ಲ. ವಿಲೀನದ ಹಂಬಲವನ್ನು ರೈಗಳು ಕೊನೆಯವರೆಗೂ ಬಿಡಲಿಲ್ಲ. ಆದರೆ ಆ ನೋವನ್ನು ನೆರೆಯ ಭಾಷೆಯ ಮೇಲಿನ ದ್ವೇಷವಾಗಿ ಬೆಳೆಸಲೂ ಇಲ್ಲ. ಮಲೆಯಾಳದ ಮಹಾಕವಿ ಕುಮಾರನ್ ಆಶಾನರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದವರು ಇದೇ ರೈಗಳು. ‘ಎನ್ನಪ್ಪೆ ತುಳುವಪ್ಪೆ’ ಎಂಬ ಸಂಕಲನದಿಂದ ತಾಯ್ನುಡಿಯ ಋಣವನ್ನೂ ಸಲ್ಲಿಸಿದರು. 1997ರಲ್ಲಿ ಮಂಗಳೂರಿನಲ್ಲಿ ಜರಗಿದ 66ನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ಒಲಿದಾಗ ಗಡಿನಾಡಿನ ನಾವೆಲ್ಲ ಹೆಮ್ಮೆಪಟ್ಟೆವು.

ಈಗ ಪ್ರತಿ ಜೂನ್ ತಿಂಗಳಲ್ಲಿ ಶಾಲೆಗೆ ಬರುವ ಹೆತ್ತವರು ನನ್ನಲ್ಲಿ ಕೇಳುವುದುಂಟು: “ಮಾಷ್ಟ್ರೇ, ಕನ್ನಡದಲ್ಲಿ ಕಲಿತರೆ ಮಕ್ಕಳಿಗೆ ಮುಂದೆ ಕೆಲಸ ಸಿಕ್ಕೀತಾ?” ಅವರ ಆತಂಕ ಸುಳ್ಳಲ್ಲ. ಮಕ್ಕಳ ಅನ್ನದ ಪ್ರಶ್ನೆಯನ್ನು ಭಾಷಾಭಿಮಾನದ ಭಾಷಣದಿಂದ ತೇಲಿಸಿಬಿಡುವುದು ನನಗೆ ಒಪ್ಪಿಗೆಯಲ್ಲ. ಆಗ ನಾನು ರೈಗಳ ಬಾಳನ್ನು ಹೇಳುತ್ತೇನೆ. ಮನೆಯಲ್ಲಿ ತುಳು ಆಡಿ, ಕನ್ನಡದಲ್ಲಿ ಬರೆದು, ಮಲೆಯಾಳದಿಂದ ಭಾಷಾಂತರಿಸಿ, ತೋಟದಲ್ಲಿ ದುಡಿದು, ಎಂಟು ಮಕ್ಕಳನ್ನು ಸಾಕಿದ ಒಬ್ಬರು ನಮ್ಮ ನೆರೆಯಲ್ಲೇ ಇದ್ದರು. ಮಲೆಯಾಳವನ್ನು ಚೆನ್ನಾಗಿ ಕಲಿಯಲಿ, ಕನ್ನಡವನ್ನು ಮಾತ್ರ ಬಿಡುವುದು ಬೇಡ ಎನ್ನುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರು ಮಗುವಿನ ಕೈಹಿಡಿದು ಬೇರೆ ಶಾಲೆಯ ಕಡೆಗೆ ನಡೆಯುತ್ತಾರೆ.

2015ರ ಆಗಸ್ಟ್ 9ರಂದು, ನೂರು ತುಂಬಿದ ಎರಡೇ ತಿಂಗಳಲ್ಲಿ, ರೈಗಳು ತೀರಿಕೊಂಡರು. ಅವರು ಬಯಸಿದ್ದೆಲ್ಲ ಕೈಗೂಡಲಿಲ್ಲ; ಆದರೂ ಮಾಡಬೇಕಾದ ದಿನದ ಕೆಲಸವನ್ನು ಅವರು ನಾಳೆಗೆ ಉಳಿಸಲಿಲ್ಲ. ತರಗತಿಯಲ್ಲಿ ಹತ್ತೇ ಮಕ್ಕಳು ಉಳಿದಿದ್ದರೂ ಆ ಹತ್ತು ಮಕ್ಕಳಿಗೆ ಪೂರ್ಣ ಮನಸ್ಸಿನಿಂದ ಪಾಠ ಹೇಳುವುದೇ ನಮ್ಮಂಥವರು ಅವರಿಗೆ ಸಲ್ಲಿಸಬಹುದಾದ ಶ್ರದ್ಧಾಂಜಲಿ.